ಬಿಎಂಡಬ್ಲ್ಯುಗೆ ಹೊಸ ಅಲಾಯ್, ಟೈರ್ ಹಾಕ್ಸೋಕೆ ಮುಂಚೆ ಈ ನಂಬರ್‌ಗಳನ್ನ ನೋಡ್ಕೊಳ್ಳಿ

ನಂದು ಬಿಎಂಡಬ್ಲ್ಯು ಎಫ್30 ತ್ರೀ ಸೀರೀಸ್ (ಎಫ್30 ಅನ್ನೋದು ಆ ಮಾಡೆಲ್‌ನ ಕೋಡ್), ಸೆಕೆಂಡ್ ಹ್ಯಾಂಡ್. ಗಾಡಿ ಮನೆಗೆ ಬಂದ ತಿಂಗಳಲ್ಲೇ 17 ಇಂಚಿನ ಚಕ್ರ ಯಾಕೋ ಸಣ್ಣದು ಅನ್ಸಿ 19 ಹಾಕ್ಸಿದೆ, ಫೋಟೋದಲ್ಲೇನೋ ಚಿಂದಿಯಾಗಿತ್ತು, ಆದ್ರೆ ಮೂರೇ ವಾರಕ್ಕೆ ರಾತ್ರಿ ಮಳೇಲಿ ನೀರು ತುಂಬಿದ ಗುಂಡಿಗೆ ಮುಂದಿನ ಎಡಗಡೆ ವೀಲ್ ಧಡ್ ಅಂತ ಇಳೀತು. ರಿಮ್ ಬೆಂಡು, ಟೈರ್ ಸೈಡಲ್ಲಿ ಕೋಳಿಮೊಟ್ಟೆ ಗಾತ್ರದ ಉಬ್ಬು. ಆಮೇಲೆ 18ಕ್ಕೆ ಇಳಿದೆ.

ಯಾಕೆ ಹಿಂಗಾಯ್ತು ಅಂದ್ರೆ ಲೆಕ್ಕ ಸಿಂಪಲ್. 225/50 ಆರ್17 ಅಂದ್ರೆ ಟೈರ್ ಅಗಲ 225 ಮಿಮೀ, ಅದರ 50 ಪರ್ಸೆಂಟ್ ಸೈಡ್‌ವಾಲ್ (ರಿಮ್‌ನಿಂದ ರೋಡ್‌ವರೆಗಿನ ರಬ್ಬರ್ ಗೋಡೆ) ಎತ್ತರ, ಅಂದ್ರೆ ಸುಮಾರು 112 ಮಿಮೀ. 225/40 ಆರ್19 ಹಾಕಿದ್ರೆ ಅದು 90ಕ್ಕೆ ಇಳಿಯುತ್ತೆ. ಹೊರಗಿನ ಒಟ್ಟು ಎತ್ತರ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ (657 ಇದ್ದಿದ್ದು 663 ಆಗುತ್ತೆ), ಹಂಗಾಗಿ ಸ್ಪೀಡೋಮೀಟರ್‌ಗೇನೂ ಆಗಲ್ಲ, ಆದ್ರೆ ಗುಂಡಿ ಏಟು ತಡ್ಕೊಳ್ಳೋ ರಬ್ಬರ್ ಎರಡು ಸೆಂಟಿಮೀಟರ್ ಕಮ್ಮಿ ಆಯ್ತಲ್ಲ, ಆ ಏಟೆಲ್ಲ ರಿಮ್ಮೇ ತಿನ್ನಬೇಕು. ಬೆಂಗಳೂರಲ್ಲಿ ದಿನಾ ಓಡ್ಸೋರು 18ಕ್ಕಿಂತ ಮೇಲೆ ಹೋಗ್ಲೇಬೇಡಿ ಅನ್ನೋದು ನನ್ನ ಅಭಿಪ್ರಾಯ, ಒಪ್ಪೋದು ಬಿಡೋದು ನಿಮಗೆ ಬಿಟ್ಟಿದ್ದು.

ಇನ್ನು ಡಿಸೈನ್ ನೋಡೋಕೆ ಮುಂಚೆ ಪಿಸಿಡಿ ನೋಡಿ, ಅಂದ್ರೆ ಎಷ್ಟು ಬೋಲ್ಟ್, ಅವು ಕೂರೋ ವೃತ್ತದ ಅಡ್ಡಳತೆ ಎಷ್ಟು ಮಿಮೀ ಅನ್ನೋದು. ಎಫ್30ಗೆ 5×120. ಇದರ ನಂತರ ಬಂದ ತ್ರೀ ಸೀರೀಸ್ ಜಿ20ಗೆ 5×112. ಬೆಂಜ್ ಸಿ ಕ್ಲಾಸ್, ಆಡಿ ಎ4, ಆಕ್ಟೇವಿಯಾ, ಸೂಪರ್ಬ್ ಎಲ್ಲಾ 5×112 ಅಂತ ಬೆಂಗಳೂರಿನ ಜೆಸಿ ರೋಡ್ ಅಂಗಡೀಲಿ ‘ಎಲ್ಲಾ ಒಂದೇ ಸರ್, ಕೂರುತ್ತೆ’ ಅಂತಾರೆ. ಬೋಲ್ಟ್ ತೂತು ಕೂರುತ್ತೆ ನಿಜ, ನಡುವಿನ ತೂತು? ಅದು ಗಾಡಿ ಕಡೆ ಇರೋ ಹಬ್ ಮೇಲೆ ಕೂರಬೇಕು. ಬೆಂಜ್, ಜಿ20 ಹಬ್ 66.6 ಮಿಮೀ, ಸ್ಕೋಡಾದು 57.1, ನಮ್ಮ ಎಫ್30ದು 72.6. ಸ್ಕೋಡಾ ಅಲಾಯ್ ಬೆಂಜ್ ಹಬ್ ಮೇಲೆ ಹತ್ತೋದೇ ಇಲ್ಲ. ಉಲ್ಟಾ ಆದ್ರೆ, ಅಂದ್ರೆ ಅಲಾಯ್ ತೂತು ದೊಡ್ಡದಿದ್ರೆ, ಮಧ್ಯೆ ಹಬ್ ರಿಂಗ್ ಹಾಕ್ಬೇಕು. ಅದು ಪುಟಾಣಿ ಬಳೆ ತರ ಇರುತ್ತೆ, ಕಾಸು ಜಾಸ್ತಿ ಏನಿಲ್ಲ, ಆದ್ರೂ ಎಷ್ಟೋ ಅಂಗಡೀಲಿ ಹಾಕ್ದೇ ಕಳಿಸ್ತಾರೆ. ಆಮೇಲೆ ಹೈವೇಲಿ ಸ್ಟೀರಿಂಗ್ ನಡುಗ್ತು ಅಂತ ನಾಲ್ಕು ಸಲ ಬ್ಯಾಲೆನ್ಸಿಂಗ್ ಮಾಡ್ಸ್ಕೊಂಡು ಓಡಾಡ್ತೀರ.

ಬೋಲ್ಟ್ ವಿಷಯ ಯಾರೂ ಹೇಳಲ್ಲ, ಅದಕ್ಕೇ ಇಲ್ಲಿ ಹೇಳ್ಬಿಡ್ತೀನಿ. ಬೆಂಜ್, ಆಡಿ ಕಂಪನಿ ಬೋಲ್ಟ್‌ನ ಕೂರೋ ಭಾಗ ಗುಂಡಗೆ, ಗೋಲಿ ತರ. ಹೊರಗಡೆ ಸಿಗೋ ಅಲಾಯ್‌ಗಳಲ್ಲಿ ಬೋಲ್ಟ್ ಕೂರೋ ಸೀಟು ಜಾಸ್ತಿ ಕೋನ್ ಶೇಪಲ್ಲಿರುತ್ತೆ. ಗುಂಡಗಿರೋದನ್ನ ಕೋನ್ ಒಳಗೆ ಹಾಕಿ ಟೈಟ್ ಮಾಡಿದ್ರೆ ಟೈಟ್ ಆದಂಗೇ ಇರುತ್ತೆ, ಆದ್ರೆ ಪೂರ್ತಿ ಕೂತಿರಲ್ಲ, ಓಡ್ತಾ ಓಡ್ತಾ ಸಡಿಲ ಆಗುತ್ತೆ. ಚಕ್ರ ಕಳಚೋ ಕೇಸಿದು, ತಮಾಷೆ ಅಲ್ಲ. ಬಿಎಂಡಬ್ಲ್ಯುದು ಮೊದಲೇ ಕೋನ್, ನಮಗೆ ಈ ತಲೆನೋವು ಕಮ್ಮಿ.

ಆಫ್‌ಸೆಟ್, ಅಂದ್ರೆ ಅಲಾಯ್ ಮೇಲಿರೋ ಇಟಿ ನಂಬರ್, ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತೆ ಅಂತ ಮಿಮೀಲಿ ಹೇಳುತ್ತೆ. ಎಫ್30ದು 17×7.5 (ಇಂಚಲ್ಲಿ ರಿಮ್ ಅಡ್ಡಳತೆ, ಅಗಲ) ಇಟಿ37, ಕಂಪನಿದೇ 18 ಇಂಚು ಬೇಕಂದ್ರೆ 18×8 ಇಟಿ34. ಅರ್ಧ ಇಂಚು ಅಗಲ ಜಾಸ್ತಿ ಆದ್ರೆ ಒಳಗೆ ಹೊರಗೆ ತಲಾ 6 ಮಿಮೀ ಚಿಲ್ಲರೆ, ಇಟಿ 3 ಕಮ್ಮಿ ಆದ್ರೆ ಚಕ್ರ 3 ಮಿಮೀ ಹೊರಗೆ. ಒಟ್ಟು ಹೊರಗಡೆಗೆ 9 ಮಿಮೀ ಬಂತು. ಇಷ್ಟು ಓಕೆ. ಇಟಿ20, ಇಟಿ15 ತಂದ್ರೆ ಹಿಂದೆ ಮೂರು ಜನ ಕೂತು ಹಂಪ್ ಹತ್ತಿದಾಗ ಫೆಂಡರ್ (ಚಕ್ರದ ಮೇಲಿನ ಬಾಡಿ) ಟೈರನ್ನ ಕೊರೀತದೆ.

ಕಡಿಮೆ ರೇಟಿನ ರೆಪ್ಲಿಕಾಗಳು (ಕಂಪನಿ ಡಿಸೈನ್‌ನ ನಕಲು) ಸಾಮಾನ್ಯವಾಗಿ ಕಾಸ್ಟ್ ಅಲಾಯ್, ಅಂದ್ರೆ ಕರಗಿಸಿ ಅಚ್ಚಲ್ಲಿ ಹೊಯ್ದಿದ್ದು. ಫೋರ್ಜ್ಡ್, ಅಂದ್ರೆ ಒತ್ತಿ ಮಾಡಿದ್ದು, ಹಗುರ, ಗಟ್ಟಿ, ಆದ್ರೆ ರೇಟ್ ಕೇಳಿದ್ರೆ ಎದೆ ಹಿಡ್ಕೋಬೇಕು. ಮಧ್ಯದಲ್ಲಿ ಫ್ಲೋ ಫಾರ್ಮ್ಡ್ (ಹೊಯ್ದು ಆಮೇಲೆ ರಿಮ್ ಭಾಗ ಒತ್ತಿ ಎಳೆದಿದ್ದು) ಇದೆ, ನಾನು ತಗೊಂಡಿದ್ದು ಅದೇ. ಏನೇ ತಗೊಳ್ಳಿ, ಅಲಾಯ್ ತಿರುಗಿಸಿ ಅದರ ಬೆನ್ನ ಮೇಲೆ ಒಂದು ಚಕ್ರ ಎಷ್ಟು ಕೇಜಿ ಹೊರುತ್ತೆ ಅಂತ ಅಚ್ಚಾಗಿದ್ಯಾ ನೋಡಿ, ಇಲ್ಲಾಂದ್ರೆ ವಾಪಸ್ ಕೊಟ್ಬಿಡಿ.

ಈಗ ಟೈರ್. 17ರಲ್ಲಿ 94 ಲೋಡ್ ಇಂಡೆಕ್ಸ್ ಇತ್ತು, ಅಂದ್ರೆ ಒಂದು ಟೈರ್‌ಗೆ 670 ಕೇಜಿ. 225/45 ಆರ್18 ಕೇಳಿದ್ರೆ ಮಾಮೂಲಿದು 91 ಕೊಡ್ತಾರೆ, ಅದು 615. ನೀವು ಎಕ್ಸ್‌ಎಲ್ (ಎಕ್ಸ್‌ಟ್ರಾ ಲೋಡ್) ಅಂತ ಕೇಳಿ ಇಸ್ಕೊಳ್ಳಿ, 95 ಬರುತ್ತೆ, 690. ಜೊತೆಗೆ ಟೈರ್ ಸೈಡಲ್ಲಿ ಡಿಒಟಿ (DOT) ಅಂತ ಶುರುವಾಗೋ ಕೋಡ್‌ನ ಕೊನೇ ನಾಲ್ಕು ಅಂಕಿ ನೋಡಿ, 3224 ಅಂದ್ರೆ 2024ರ 32ನೇ ವಾರದ ಮಾಲು. 2020ರ ಜೂನ್‌ನಲ್ಲಿ ಟೈರ್ ಇಂಪೋರ್ಟ್ ಮೇಲೆ ಸರ್ಕಾರ ನಿರ್ಬಂಧ ಹಾಕ್ತು, ಹಂಗಾಗಿ ನಿಮ್ಮ ಸೈಜ್ ಇಲ್ಲಿ ಸುಲಭವಾಗಿ ಸಿಗುತ್ತಾ ಅಂತ ಮೊದಲು ವಿಚಾರಿಸಿ ಆಮೇಲೆ ಅಲಾಯ್ ಬುಕ್ ಮಾಡಿ. ಅಲಾಯ್ ತಂದಿಟ್ಟು ಟೈರ್‌ಗೆ ಎರಡು ತಿಂಗಳು ಕಾದೋರನ್ನ ನೋಡಿದೀನಿ.

ರನ್‌ಫ್ಲ್ಯಾಟ್ ಇಟ್ಕೊಳ್ಳೋದಾ ಬಿಡೋದಾ? ಅದು ಗಾಳಿ ಹೋದ್ರೂ 80 ಸ್ಪೀಡಲ್ಲಿ 80 ಕಿಮೀ ಹೋಗುತ್ತೆ, ಆದ್ರೆ ಸೈಡ್‌ವಾಲ್ ಕಲ್ಲಿನ ತರ. ಮಾಮೂಲಿ ಟೈರ್‌ಗೆ ಬಂದ ದಿನ ಅಮ್ಮ ಹಿಂದಿನ ಸೀಟಲ್ಲಿ ಕೂತು ‘ಈಗ ಕಾರ್ ಥರ ಇದೆ ಕಣೋ’ ಅಂದ್ರು. ಆದ್ರೆ ಡಿಕ್ಕೀಲಿ ಪಂಕ್ಚರ್ ಕಿಟ್, ಪಂಪು ಕಡ್ಡಾಯ ಇಡಿ, ಶಿರಾಡಿ ಘಾಟಲ್ಲಿ ರಾತ್ರಿ ಹನ್ನೊಂದಕ್ಕೆ ಯಾರೂ ಬರಲ್ಲ.

ಫಿಟ್ ಮಾಡೋವಾಗ ಏರ್ ಗನ್‌ನಲ್ಲೇ ಮುಗ್ಸೋಕೆ ಬಿಡ್ಬೇಡಿ, ಕೊನೇ ಸುತ್ತು ಟಾರ್ಕ್ ರೆಂಚಲ್ಲಿ (ಬಿಗಿ ಅಳೆದು ತಿರುಗಿಸೋ ಸ್ಪ್ಯಾನರ್), ಎಫ್30ಗೆ 140 ಎನ್‌ಎಂ, 100 ಕಿಮೀ ಓಡಿಸಿ ಇನ್ನೊಂದ್ಸಲ ಚೆಕ್ ಮಾಡ್ಸಿ. ಕೆಲವು ಗಾಡೀಲಿ ಗಾಳಿ ಸೆನ್ಸರ್ ವಾಲ್ವ್ ಜೊತೇಲೇ ಇರುತ್ತೆ, ಹಳೇ ರಿಮ್‌ನಿಂದ ಅದನ್ನ ಬಿಚ್ಚಿ ಹೊಸದಕ್ಕೆ ಹಾಕ್ಸೋದು ಮರೀಬೇಡಿ. ಇನ್ಶೂರೆನ್ಸ್‌ನೋರಿಗೆ ಬಿಲ್ ಸಮೇತ ಮೇಲ್ ಹಾಕಿ ತಿಳಿಸಿ. ಹಳೇ 17ರ ಸೆಟ್ ಮಾತ್ರ ಮಾರ್ಬೇಡಿ, ಗಾಡಿ ಕೊಡೋವಾಗ ತಗೊಳ್ಳೋರು ಒರಿಜಿನಲ್ ಎಲ್ಲಿ ಅಂತ ಮೊದಲು ಕೇಳ್ತಾರೆ, ನಂದು ಅಟ್ಟದ ಮೇಲೆ ಗೋಣಿಚೀಲ ಸುತ್ಕೊಂಡು ಕೂತಿದೆ.