ವಾರ್ಷಿಕ ವರದಿ ಓದುವವರ ಕೇಂದ್ರ

ಕಾರ್ಪೊರೇಟ್ ಗವರ್ನೆನ್ಸ್ ಅಂದರೆ ಕಂಪೆನಿಯನ್ನು ಯಾರು ನಡೆಸುತ್ತಾರೆ, ನಡೆಸುವವರನ್ನು ಯಾರು ಪ್ರಶ್ನೆ ಕೇಳುತ್ತಾರೆ ಅನ್ನುವ ವಿಷಯ. ಇದಕ್ಕೆಂದೇ ಮಂಗಳೂರಿನ ಹತ್ತಿರದ ಒಂದು ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ಕೇಂದ್ರ ಶುರು ಮಾಡಿದವರಲ್ಲಿ ನಾನೂ ಒಬ್ಬಳು. ಬೇರೆ ಊರಿನ ಅಧ್ಯಾಪಕರು ಸಿಕ್ಕಾಗಲೆಲ್ಲ ಕೇಳುವುದು ಒಂದೇ. ಯಾವ ಡೇಟಾಬೇಸ್ ತಗೊಂಡಿದ್ದೀರಿ, ಯಾವ ಸಾಫ್ಟ್‌ವೇರ್, ಎಷ್ಟು ಗ್ರಾಂಟ್? ನನ್ನ ಅನುಭವದಲ್ಲಿ ಅದೆಲ್ಲ ಆಮೇಲಿನ ಮಾತು. ವಾರ್ಷಿಕ ವರದಿಯನ್ನು ಮೊದಲ ಪುಟದಿಂದ ಕೊನೆಯ ಟಿಪ್ಪಣಿಯವರೆಗೆ ತಾಳ್ಮೆಯಿಂದ ಓದುವ ಜನ ಸಿಕ್ಕಿದರೆ ಕೇಂದ್ರ ನಡೆಯುತ್ತದೆ. ಸಿಗದಿದ್ದರೆ ಬಾಗಿಲ ಮೇಲಿನ ನಾಮಫಲಕ ಮಾತ್ರ ಉಳಿಯುತ್ತದೆ. ಆ ಜನರನ್ನು ಹೇಗೆ ಹುಡುಕಿದೆವು, ಅವರ ಜೊತೆ ಹೇಗೆ ಕೆಲಸ ಮಾಡಿದೆವು ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಈ ವಿಷಯಕ್ಕೆ ನಮ್ಮ ಕರಾವಳಿಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ ಅಂತ ನಾನು ನಂಬಿದ್ದೇನೆ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕ್ ಕಟ್ಟಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಶನ್ ಬ್ಯಾಂಕ್ ಶುರು ಮಾಡಿದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಬ್ಯಾಂಕ್ ಬಂದವು. ದಿನಾ ಮನೆ ಬಾಗಿಲಿಗೆ ಬಂದು ಚಿಲ್ಲರೆ ಹಣ ಕಟ್ಟಿಸಿಕೊಳ್ಳುವ ಪಿಗ್ಮಿ ಹುಟ್ಟಿದ್ದೂ ಇಲ್ಲೇ, 1928ರಲ್ಲಿ. ಹೀಗಾಗಿ ಮಂಗಳೂರು, ಉಡುಪಿ, ಮಣಿಪಾಲದಲ್ಲಿ ಬೋರ್ಡ್ ರೂಮಿನ, ಅಂದರೆ ನಿರ್ದೇಶಕರ ಮಂಡಳಿ ಸಭೆ ಸೇರುವ ಕೋಣೆಯ, ಬಾಗಿಲ ಹತ್ತಿರ ಕೂತು ಕೆಲಸ ಮಾಡಿ ನಿವೃತ್ತರಾದವರು ಬೇಕಾದಷ್ಟು ಜನ ಇದ್ದಾರೆ. ಬೋರ್ಡ್ ನೋಟ್ ತಯಾರು ಮಾಡಿದವರು, ಇನ್‌ಸ್ಪೆಕ್ಷನ್‌ಗೆ ಓಡಾಡಿದವರು, ಸಾಲದ ಫೈಲು ವಾಪಸ್ ಕಳಿಸಿ ಬೈಸಿಕೊಂಡವರು. ಸಂಶೋಧನೆ ಅಂದಾಗ ಇವರನ್ನು ಯಾರೂ ಕರೆಯುವುದಿಲ್ಲ. ನಾವು ಕರೆದೆವು.

ಮೊದಲು ಬಂದವರು ಒಬ್ಬ ನಿವೃತ್ತ ಕಂಪೆನಿ ಸೆಕ್ರೆಟರಿ, ಅಂದರೆ ಕಂಪೆನಿಯ ಸಭೆ, ಕಾನೂನು ದಾಖಲೆ ನೋಡಿಕೊಳ್ಳುವ ಅಧಿಕಾರಿ. ಎಲ್ಲರೂ ಅವರನ್ನು ಸೆಕ್ರೆಟರಿ ಸರ್ ಅನ್ನುತ್ತೇವೆ. ಬೋರ್ಡ್ ಸಭೆಯ ಮಿನಿಟ್ಸ್, ಅಂದರೆ ಸಭೆಯ ನಡಾವಳಿಯ ದಾಖಲೆ, ಹೊರಗಿನವರಿಗೆ ಸಿಗುವುದಿಲ್ಲ. ಷೇರುದಾರರಿಗೂ ನೋಡಲು ಸಿಗುವುದು ಮಹಾಸಭೆಯ ಮಿನಿಟ್ಸ್ ಮಾತ್ರ. ಹಾಗಾದರೆ ಬೋರ್ಡಿನ ಒಳಗೆ ಏನು ನಡೆಯುತ್ತದೆ ಅಂತ ವಿದ್ಯಾರ್ಥಿಗಳಿಗೆ ಕಲಿಸುವುದು ಹೇಗೆ? ಅವರೇ ದಾರಿ ಕಂಡುಕೊಂಡರು. ಇಲ್ಲದ ಕಂಪೆನಿಯೊಂದರ ಮಿನಿಟ್ಸ್ ಬರೆದು ತಂದರು. ಪುಟದ ಸಂಖ್ಯೆ, ಹಾಜರಿದ್ದವರ ಹೆಸರು, ಶುರುವಾದ ಹೊತ್ತು, ಮುಗಿದ ಹೊತ್ತು, ಅಧ್ಯಕ್ಷರ ಸಹಿಯ ಜಾಗ, ಎಲ್ಲ ಸರಿಯಾಗಿತ್ತು.

ವಿದ್ಯಾರ್ಥಿಗಳು ಒಂದೊಂದೇ ನಿರ್ಣಯ ಓದಿದರು. ಒಬ್ಬಳು ಕೇಳಿದಳು: “ಸರ್, ಇದರಲ್ಲಿ ತಪ್ಪು ಎಂತ ಉಂಟು?”

“ಇದು ಎಷ್ಟು ಹೊತ್ತಿನ ಮೀಟಿಂಗ್ ಅಂತ ಮೊದಲು ನೋಡಿ ಮಾರಾಯ್ರೆ.”

ಹನ್ನೊಂದಕ್ಕೆ ಶುರು, ಹನ್ನೊಂದು ನಲವತ್ತಕ್ಕೆ ಮುಕ್ತಾಯ. ಅಜೆಂಡಾದಲ್ಲಿ 23 ವಿಷಯ. ಅಂದರೆ ಒಂದಕ್ಕೆ ಎರಡು ನಿಮಿಷವೂ ಇಲ್ಲ. ಹದಿನೇಳನೆಯದು ಬೈಕಂಪಾಡಿಯಲ್ಲಿ ಒಂದು ಗೋದಾಮು ಬಾಡಿಗೆಗೆ ಹಿಡಿಯುವ ವಿಷಯ. ಗೋದಾಮು ಒಂದು ಪಾಲುದಾರಿಕೆ ಸಂಸ್ಥೆಯದ್ದು. ಆ ಸಂಸ್ಥೆಯ ಪಾಲುದಾರರಲ್ಲಿ ಒಬ್ಬರು ಇದೇ ಬೋರ್ಡಿನ ನಿರ್ದೇಶಕರು. ಅದು ಗೊತ್ತಾಗಬೇಕಾದರೆ ನಾಲ್ಕನೇ ವಿಷಯಕ್ಕೆ ಹೋಗಿ, ನಿರ್ದೇಶಕರು ಕೊಟ್ಟ ಹಿತಾಸಕ್ತಿಯ ಪಟ್ಟಿ ಓದಬೇಕು. ಕಂಪೆನಿ ಕಾಯ್ದೆಯ ಸೆಕ್ಷನ್ 184ರ ಪ್ರಕಾರ ಅವರು ತಮ್ಮ ಹಿತಾಸಕ್ತಿ ತಿಳಿಸಿ ಆ ಚರ್ಚೆಯಿಂದ ದೂರ ಇರಬೇಕಿತ್ತು. ಮಿನಿಟ್ಸ್‌ನಲ್ಲಿ ಅವರು ಹೊರಗೆ ಹೋದ ಮಾತೇ ಇಲ್ಲ. ಅಷ್ಟೇ ಅಲ್ಲ, ಆ ನಿರ್ಣಯವನ್ನು ಅನುಮೋದಿಸಿದವರೇ ಅವರು. ನಾಲ್ಕನೆಯದನ್ನೂ ಹದಿನೇಳನೆಯದನ್ನೂ ಜೋಡಿಸಿ ನೋಡಿದವಳು ಆವತ್ತು ಪ್ರಶ್ನೆ ಕೇಳಿದ ಅದೇ ಹುಡುಗಿ. ಅವಳ ಮುಖ ಅರಳಿದ್ದು ನನಗಿನ್ನೂ ನೆನಪಿದೆ. ಇಂಥ ಎಷ್ಟೋ ಮಿನಿಟ್ಸ್‌ಗಳನ್ನು ಸರ್ ನಮಗೆ ಬರೆದುಕೊಟ್ಟಿದ್ದಾರೆ. ನಮ್ಮಲ್ಲಿ ಇರುವ ಅತಿ ಬೆಲೆಬಾಳುವ ಪಾಠ ಸಾಮಗ್ರಿ ಅದೇ.

ಇನ್ನು ಸಂಶೋಧನಾ ವಿದ್ಯಾರ್ಥಿಗಳು. ಎಂ.ಕಾಂ. ಮುಗಿಸಿ ಬರುವ ಮಕ್ಕಳಿಗೆ ಗವರ್ನೆನ್ಸ್ ಸುಧಾರಣೆಗೆ ಶಿಫಾರಸು ಕೊಟ್ಟ ಸಮಿತಿಗಳೆಲ್ಲ ಬಾಯಿಪಾಠ. ಇಂಗ್ಲೆಂಡಿನ ಕ್ಯಾಡ್‌ಬರಿ 1992, ಕುಮಾರಮಂಗಲಂ ಬಿರ್ಲಾ 1999, ನಾರಾಯಣಮೂರ್ತಿ 2003, ಉದಯ್ ಕೋಟಕ್ 2017. ಆದರೆ ಒಂದು ಕಂಪೆನಿಯ ವಾರ್ಷಿಕ ವರದಿ ಪೂರ್ತಿ ಓದಿದವರು ಕಡಿಮೆ. ಇದು ಅವರ ತಪ್ಪಲ್ಲ, ಪರೀಕ್ಷೆಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಅದಕ್ಕೇ ಆಯ್ಕೆಯ ದಿನ ನಾವು ಸಮಿತಿಗಳ ಬಗ್ಗೆ ಕೇಳುವುದಿಲ್ಲ. ಒಂದು ವಾರ್ಷಿಕ ವರದಿ ಕೈಗೆ ಕೊಡುತ್ತೇವೆ. ಒಂದು ಗಂಟೆ ಓದಿ, ಈ ಕಂಪೆನಿಯನ್ನು ನಿಜವಾಗಿ ನಡೆಸುವವರು ಯಾರು ಅಂತ ನಿಮಗೆ ಅನ್ನಿಸುತ್ತದೆ, ಹೇಳಿ ಅನ್ನುತ್ತೇವೆ. ಅಧ್ಯಕ್ಷರ ಭಾಷಣದಿಂದ ಶುರು ಮಾಡುವವರು ಜಾಸ್ತಿ. ಹಿಂದಿನಿಂದ, ಅಂದರೆ ಲೆಕ್ಕಪತ್ರದ ಟಿಪ್ಪಣಿಗಳಲ್ಲಿ ಸಂಬಂಧಿತ ಪಕ್ಷಗಳ ವ್ಯವಹಾರ (ನಡೆಸುವವರ ಮನೆಯವರು, ಅವರದ್ದೇ ಬೇರೆ ಸಂಸ್ಥೆಗಳ ಜೊತೆಗಿನ ವ್ಯವಹಾರ) ಹುಡುಕಿ ಶುರು ಮಾಡುವವರು ಅಪರೂಪ. ಅಂಥವರು ಸಿಕ್ಕಿದರೆ ನಾವು ಅಂಕಪಟ್ಟಿ ನೋಡಲು ಹೋಗುವುದಿಲ್ಲ.

ದಿನದ ಕೆಲಸ ಹೀಗಿರುತ್ತದೆ. ಲಿಸ್ಟೆಡ್ ಕಂಪೆನಿಗಳ ವರದಿ ಷೇರು ವಿನಿಮಯ ಕೇಂದ್ರದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಅದರಿಂದ ಒಬ್ಬೊಬ್ಬ ನಿರ್ದೇಶಕರ ಹೆಸರು, ಹುದ್ದೆ, ಎಷ್ಟು ಸಭೆಗೆ ಬಂದರು, ಮಹಾಸಭೆಗೆ ಬಂದಿದ್ದರಾ, ಬೇರೆ ಎಲ್ಲೆಲ್ಲಿ ನಿರ್ದೇಶಕರು, ಇದನ್ನೆಲ್ಲ ಹಾಳೆಗೆ ತುಂಬಬೇಕು. ಹೆಸರನ್ನು ನಂಬಿ ಕೂರಲು ಆಗುವುದಿಲ್ಲ. ನಮ್ಮ ಕಡೆಯಂತೂ ಶೆಟ್ಟಿ, ಪೈ, ಕಾಮತ್, ಭಟ್, ರಾವ್ ಎಲ್ಲಾ ಬೋರ್ಡಿನಲ್ಲೂ ಇರುತ್ತಾರೆ. ಇನಿಶಿಯಲ್ ಒಂದು ವರ್ಷ ಮುಂದೆ, ಒಂದು ವರ್ಷ ಹಿಂದೆ. ಹಾಗಾಗಿ ಪ್ರತಿ ನಿರ್ದೇಶಕರಿಗೂ ಸರಕಾರ ಕೊಡುವ ಎಂಟು ಅಂಕಿಯ ಗುರುತಿನ ಸಂಖ್ಯೆ, ಡಿನ್, ಹಾಕದೆ ಒಂದು ಸಾಲೂ ತುಂಬುವಂತಿಲ್ಲ ಅನ್ನುವುದು ನಮ್ಮ ನಿಯಮ.

ಒಂದೇ ವರದಿಯನ್ನು ಇಬ್ಬರು ಓದುತ್ತಾರೆ. ಒಬ್ಬರ ಹಾಳೆ ಇನ್ನೊಬ್ಬರು ನೋಡುವಂತಿಲ್ಲ. ಆಮೇಲೆ ಎರಡನ್ನೂ ಹೋಲಿಸುತ್ತೇವೆ. ಆಕಸ್ಮಿಕವಾಗಿ ಹೊಂದಿಕೆಯಾಗುವುದನ್ನು ಕಳೆದು ಒಪ್ಪಿಗೆಯನ್ನು ಅಳೆಯುವ ಕೋಹೆನ್ಸ್ ಕಪ್ಪಾ ಅನ್ನುವ ಲೆಕ್ಕ ಇದೆ, ಅದನ್ನೂ ಹಾಕುತ್ತೇವೆ. ಆದರೆ ನನಗೆ ಆ ಸಂಖ್ಯೆಗಿಂತ ಜಗಳವೇ ಮುಖ್ಯ. ಒಮ್ಮೆ ಒಂದು ಹಾಜರಾತಿಯ ಬಗ್ಗೆ ದೊಡ್ಡ ವಾದವಾಯಿತು. ವರ್ಷಕ್ಕೆ ಆರು ಸಭೆ ನಡೆದಿತ್ತು. ಒಬ್ಬ ನಿರ್ದೇಶಕರು ನಡುವೆ ರಾಜೀನಾಮೆ ಕೊಟ್ಟಿದ್ದರು. ಅವರಿದ್ದಾಗ ನಡೆದದ್ದು ಮೂರು, ಅದರಲ್ಲಿ ಎರಡಕ್ಕೆ ಬಂದಿದ್ದರು. ಒಬ್ಬ ಆರರಲ್ಲಿ ಎರಡು ಅಂತ ಬರೆದ. ಇನ್ನೊಬ್ಬಳು ಮೂರರಲ್ಲಿ ಎರಡು ಅಂದಳು. ಒಂದು ಲೆಕ್ಕದಲ್ಲಿ ಆ ಮನುಷ್ಯ ಸಭೆಗೇ ಬಾರದವರು, ಇನ್ನೊಂದರಲ್ಲಿ ಸುಮಾರಾಗಿ ಬಂದವರು. ಅವಳು ಬಿಡಲಿಲ್ಲ. “ಇಲ್ಲದ ಸಭೆಗೆ ಬರಲಿಲ್ಲ ಅಂತ ಬರೆಯುವುದು ಅನ್ಯಾಯ ಅಲ್ವಾ ಮೇಡಂ?” ಮೂರರಲ್ಲಿ ಎರಡು ಅಂತಲೇ ತೀರ್ಮಾನವಾಯಿತು. ಹಾಳೆ ತುಂಬುವ ನಿಯಮ ಬರೆದಿಡುವ ನಮ್ಮ ಕೋಡ್ ಬುಕ್ಕಿನಲ್ಲಿ ಆ ನಿಯಮದ ಪಕ್ಕ ಅವಳ ಹೆಸರಿದೆ. ನಿಯಮ ಯಾರ ವಾದದಿಂದ ಬಂತೋ ಅವರ ಹೆಸರು ಬರೆಯುವ ಪದ್ಧತಿ ಅಲ್ಲಿಂದ ಶುರುವಾಯಿತು.

ಅದಕ್ಕಿಂತ ಕಷ್ಟದ ಪ್ರಶ್ನೆ ಸ್ವತಂತ್ರ ನಿರ್ದೇಶಕರದ್ದು, ಅಂದರೆ ಕಂಪೆನಿಯ ಜೊತೆ ಬೇರೆ ಹಿತಾಸಕ್ತಿ ಇಲ್ಲದೆ ಬೋರ್ಡಿನಲ್ಲಿ ಕೂರಬೇಕಾದವರದ್ದು. 2013ರ ಕಂಪೆನಿ ಕಾಯ್ದೆಯ ಪ್ರಕಾರ ಸ್ವತಂತ್ರ ನಿರ್ದೇಶಕರು ಐದೈದು ವರ್ಷದ ಎರಡು ಅವಧಿಗಿಂತ ಹೆಚ್ಚು ಸತತವಾಗಿ ಇರುವಂತಿಲ್ಲ. ಆದರೆ ಈ ಲೆಕ್ಕ ಶುರುವಾದದ್ದು 2014ರ ಏಪ್ರಿಲ್ 1ರಿಂದ. ಹಿಂದಿನ ವರ್ಷಗಳು ಗಣನೆಗೆ ಇಲ್ಲ. 1998ರಿಂದ ಒಂದೇ ಬೋರ್ಡಿನಲ್ಲಿ ಕೂತವರು ಕೂಡ 2024ರ ಮಾರ್ಚ್‌ವರೆಗೆ ಕಾನೂನಿನ ಪ್ರಕಾರ ಸ್ವತಂತ್ರರೇ ಆಗಿರಬಹುದಿತ್ತು. ಕಾನೂನು ಸ್ವತಂತ್ರ ಅಂದರೆ ನಾವೂ ಸ್ವತಂತ್ರ ಅಂತ ಬರೆಯಬೇಕಾ? ಕಂಪೆನಿ ಕಟ್ಟಿ ಹಿಡಿತ ಇಟ್ಟುಕೊಂಡ ಪ್ರವರ್ತಕರ ಜೊತೆ ಇಪ್ಪತ್ತು ವರ್ಷ ಊಟ ಮಾಡಿದವರು ಅವರನ್ನು ಎದುರು ಹಾಕಿಕೊಳ್ಳುತ್ತಾರಾ? ಆದರೆ ಅಷ್ಟು ವರ್ಷ ಇದ್ದವರಿಗೇ ಕಂಪೆನಿಯ ಒಳಹೊರಗು ಗೊತ್ತಿರುತ್ತದೆ, ಧೈರ್ಯವಾಗಿ ಕೇಳುವವರೂ ಅವರೇ ಅಂತ ಸೆಕ್ರೆಟರಿ ಸರ್ ವಾದ. ನಾವು ಹಾಳೆಯಲ್ಲಿ ಎರಡು ಅಂಕಣ ಮಾಡಿದೆವು. ಒಂದರಲ್ಲಿ ಕಂಪೆನಿ ಏನು ಹೇಳಿದೆ, ಇನ್ನೊಂದರಲ್ಲಿ ಆ ವ್ಯಕ್ತಿ ಮೊದಲು ಬೋರ್ಡಿಗೆ ಬಂದ ಇಸವಿ. ಈ ಎರಡನೇ ಅಂಕಣ ತುಂಬಲು ಹಳೇ ವರದಿಗಳನ್ನೆಲ್ಲ ಹುಡುಕಬೇಕು. ಕೆಲಸ ದುಪ್ಪಟ್ಟು. ಆದರೂ ಇದನ್ನು ಬಿಟ್ಟರೆ ಸಂಶೋಧನೆ ಮಾಡಿ ಪ್ರಯೋಜನ ಇಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ.

ಯಾಕೆ ಅಂದರೆ ಹೈದರಾಬಾದಿನ ಸಾಫ್ಟ್‌ವೇರ್ ಕಂಪೆನಿ ಸತ್ಯಂ. 2008ರಲ್ಲಿ ಆ ಕಂಪೆನಿಗೆ ಕಾರ್ಪೊರೇಟ್ ಗವರ್ನೆನ್ಸ್‌ಗೇ ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂದಿತ್ತು. ಬೋರ್ಡಿನಲ್ಲಿ ದೊಡ್ಡ ದೊಡ್ಡ ಪ್ರಾಧ್ಯಾಪಕರಿದ್ದರು. 2009ರ ಜನವರಿ 7ರಂದು ಅದರ ಸ್ಥಾಪಕ, ಅಧ್ಯಕ್ಷ ರಾಮಲಿಂಗ ರಾಜು ಪತ್ರ ಬರೆದು, ಲೆಕ್ಕದಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಅಂತ ಒಪ್ಪಿಕೊಂಡರು. ಹೌದು-ಇಲ್ಲ ಅಂತ ಟಿಕ್ ಹಾಕುವ ಪಟ್ಟಿಯಲ್ಲಿ ಸತ್ಯಂಗೆ ಒಳ್ಳೆಯ ಅಂಕ ಬರುತ್ತಿತ್ತು. ಹೊಸ ವಿದ್ಯಾರ್ಥಿಗಳಿಗೆ ಮೊದಲ ವಾರವೇ ಇದನ್ನು ಹೇಳುತ್ತೇವೆ, ಸತ್ಯಂನ ಹಳೆಯ ವರದಿ ಓದಿಸುತ್ತೇವೆ.

ಹಳೇ ವರದಿ ಅಂದಾಗ ನಮ್ಮ ಲೈಬ್ರರಿಯನ್ ನೆನಪಾಗುತ್ತಾರೆ. 2019ರಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾ ಜೊತೆ ಸೇರಿತು. 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಆ ಹೊತ್ತಿಗೆ ಅವರು ನಿವೃತ್ತ ಬ್ಯಾಂಕ್ ನೌಕರರಿಗೆಲ್ಲ ಫೋನ್ ಮಾಡಲು ಶುರು ಮಾಡಿದರು. ಮನೆಯಲ್ಲಿ ಹಳೇ ಬ್ಯಾಲೆನ್ಸ್ ಶೀಟ್, ವಾರ್ಷಿಕ ವರದಿ, ಸ್ಟಾಫ್ ಪತ್ರಿಕೆ ಇದ್ದರೆ ರದ್ದಿಗೆ ಹಾಕಬೇಡಿ, ನಾನೇ ಬಂದು ತಗೊಂಡು ಹೋಗುತ್ತೇನೆ ಅಂತ. ನಮ್ಮ ಮಳೆಗಾಲಕ್ಕೆ ಕಾಗದ ಉಳಿಯುವುದೇ ಕಷ್ಟ. ಬಂದದ್ದರಲ್ಲಿ ಅರ್ಧಕ್ಕೆ ಬೂಸ್ಟು, ಗೆದ್ದಲು. ಅವರು ಒಂದೊಂದೇ ಪುಟ ಬಿಡಿಸಿ, ಒಣಗಿಸಿ, ಸ್ಕ್ಯಾನ್ ಮಾಡಿಸಿದರು. ಜಾಲತಾಣದಲ್ಲಿ ಸಿಗದ ಎಷ್ಟೋ ವರ್ಷಗಳ ನಿರ್ದೇಶಕರ ಪಟ್ಟಿ ನಮಗೆ ಸಿಕ್ಕಿದ್ದು ಹಾಗೆ.

ಮಹಾಸಭೆ ನೋಡದೆ ಕಂಪೆನಿ ಅರ್ಥವಾಗುವುದಿಲ್ಲ. ಅದಕ್ಕೆ ಖರ್ಚೂ ಜಾಸ್ತಿ ಇಲ್ಲ. ಡಿಮ್ಯಾಟ್ ಖಾತೆಯಲ್ಲಿ ಒಂದೇ ಒಂದು ಷೇರು ಇದ್ದರೂ ಹೋಗಬಹುದು. 2020ರ ನಂತರ ಹೆಚ್ಚಿನ ಕಂಪೆನಿಗಳು ವಿಡಿಯೊ ಮೂಲಕ ಸಭೆ ನಡೆಸುತ್ತಿರುವುದರಿಂದ ಮಂಗಳೂರಿನಲ್ಲಿ ಕೂತೇ ಮುಂಬಯಿಯ ಸಭೆ ನೋಡುತ್ತೇವೆ. ಮಾತಾಡಬೇಕಾದರೆ ಮೊದಲೇ ಹೆಸರು ಕೊಡಬೇಕು, ಅಷ್ಟೇ. ಆಡಿಟ್ ಕಮಿಟಿಯ ಅಧ್ಯಕ್ಷರು ಬಂದಿದ್ದಾರಾ, ಪ್ರಶ್ನೆಗೆ ಯಾರು ಉತ್ತರ ಕೊಡುತ್ತಾರೆ, ಯಾವುದನ್ನು ‘ಆಮೇಲೆ ಇಮೇಲ್ ಮಾಡುತ್ತೇವೆ’ ಅಂತ ದಾಟಿಸುತ್ತಾರೆ ಅನ್ನುವುದನ್ನು ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ.

ಹಣದ ವಿಷಯದಲ್ಲಿ ನಾವು ತುಂಬಾ ಕಟ್ಟುನಿಟ್ಟು. ನಾವು ಅಧ್ಯಯನ ಮಾಡುವ ಕಂಪೆನಿಯಿಂದ ಒಂದು ರೂಪಾಯಿಯೂ ತಗೊಳ್ಳುವುದಿಲ್ಲ, ಸೆಮಿನಾರಿನ ಊಟಕ್ಕೂ ಇಲ್ಲ. ಇದರಿಂದ ಕಷ್ಟ ಆಗಿದೆ. ಕಂಪೆನಿಗಳು ಸಮಾಜಕ್ಕೆಂದು ತೆಗೆದಿಡುವ ಸಿಎಸ್‌ಆರ್ ಹಣ ಕೊಡಲು ಮುಂದೆ ಬಂದವರಿಗೆ ಬೇಡ ಅನ್ನುವಾಗ ಮನಸ್ಸಿಗೆ ಬೇಸರವಾಗುತ್ತದೆ, ಅವರ ಉದ್ದೇಶ ಒಳ್ಳೆಯದೇ ಇರುತ್ತದೆ. ಕಂಪೆನಿ ನಿರ್ದೇಶಕರು ಪ್ರತಿ ಆರ್ಥಿಕ ವರ್ಷದ ಮೊದಲ ಸಭೆಯಲ್ಲಿ ಎಂಬಿಪಿ-1 ಅನ್ನುವ ಫಾರಂನಲ್ಲಿ ತಮ್ಮ ಹಿತಾಸಕ್ತಿ ಬರೆದುಕೊಡಬೇಕಲ್ಲ, ಅದನ್ನೇ ಸ್ವಲ್ಪ ಬದಲಾಯಿಸಿ ನಮ್ಮ ಸಲಹಾ ಸಮಿತಿಗೂ ತಂದೆವು. ಸಮಿತಿಯಲ್ಲಿ ಒಬ್ಬರು ಸ್ಥಳೀಯ ಉದ್ಯಮಿ ಇದ್ದರು. ಅವರು ನಿರ್ದೇಶಕರಾಗಿದ್ದ ಕಂಪೆನಿ ನಮ್ಮ ಪಟ್ಟಿಯಲ್ಲಿ ಬಂದಾಗ ಯಾರೂ ಹೇಳುವ ಮೊದಲೇ ಎದ್ದು ನಿಂತರು. “ನಾನು ಹೊರಗೆ ಚಾ ಕುಡಿದು ಬರ್ತೇನೆ, ನೀವು ಮುಗಿಸಿ” ಅಂದರು. ಅವರು ಹೊರಗೆ ಹೋದ ಹೊತ್ತು, ಒಳಗೆ ಬಂದ ಹೊತ್ತು ಎರಡೂ ನಮ್ಮ ಮಿನಿಟ್ಸ್‌ನಲ್ಲಿ ದಾಖಲಾಗಿದೆ. ಅಂಥ ಜನ ಸಮಿತಿಯಲ್ಲಿರುವುದು ನಮ್ಮ ಭಾಗ್ಯ.

ಆಫೀಸ್ ಕೆಲಸ ನೋಡಿಕೊಳ್ಳುವ ಅಕ್ಕನ ಬಗ್ಗೆ ಬರೆಯದಿದ್ದರೆ ಈ ಲೇಖನ ಪೂರ್ತಿಯಾಗುವುದಿಲ್ಲ. ಫೆಲೋಶಿಪ್ ಹಣ ತಿಂಗಳುಗಟ್ಟಲೆ ತಡವಾದಾಗ ಯಾವ ಟೇಬಲ್ಲಿನಲ್ಲಿ ಫೈಲು ನಿಂತಿದೆ ಅಂತ ಅವರಿಗೆ ಗೊತ್ತಿರುತ್ತದೆ. ಅನುದಾನ ಹೇಗೆ ಖರ್ಚಾಯಿತು ಅಂತ ಕೊಡಬೇಕಾದ ಯುಟಿಲೈಸೇಶನ್ ಸರ್ಟಿಫಿಕೇಟ್ ಒಂದು ದಿನವೂ ತಡ ಆಗಲು ಬಿಟ್ಟವರಲ್ಲ. ದೂರದ ಹಳ್ಳಿಯಿಂದ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಬರುವ ಮಕ್ಕಳು ಕೆಲಸ ಬಿಡದೆ ಉಳಿದದ್ದರಲ್ಲಿ ಅವರ ಪಾಲು ದೊಡ್ಡದು.

ಶನಿವಾರ ಮಧ್ಯಾಹ್ನ ಸಹಕಾರಿ ಸಂಘಗಳ ನಿರ್ದೇಶಕರಿಗೆ ಕನ್ನಡದಲ್ಲಿ ತರಗತಿ ನಡೆಸುತ್ತೇವೆ. ಅಲ್ಲಿ ಸೆಕ್ರೆಟರಿ ಸರ್ ಬರೆದ ಅದೇ ಗೋದಾಮಿನ ಮಿನಿಟ್ಸ್ ಅಡಿಕೆ ಗೋದಾಮು ಆಗುತ್ತದೆ. ಚರ್ಚೆ ಕಾಲೇಜಿಗಿಂತ ಜೋರು.

ನಮ್ಮ ವರದಿಗಳಲ್ಲಿ ಓದಿ ಹಾಳೆ ತುಂಬಿದ ಎಲ್ಲರ ಹೆಸರೂ ಲೇಖಕರ ಸಾಲಿನಲ್ಲೇ ಇರುತ್ತದೆ, ಕೊನೆಯ ಪುಟದ ಕೃತಜ್ಞತೆಯಲ್ಲಿ ಅಲ್ಲ. ಇದಕ್ಕೆ ಆಕ್ಷೇಪ ಬಂದಿತ್ತು, ನಾವು ಬದಲಾಯಿಸಲಿಲ್ಲ. ಮಹಾಸಭೆಗಳು ಸೆಪ್ಟೆಂಬರ್ ಕೊನೆಯೊಳಗೆ ಮುಗಿಯಬೇಕಾದ್ದರಿಂದ ಜುಲೈ, ಆಗಸ್ಟ್ ಬಂತೆಂದರೆ ವರದಿಗಳ ರಾಶಿ. ಈ ಸಲ ಹಾಳೆಗೆ ಹೊಸ ಅಂಕಣವೊಂದು ಸೇರಿದೆ. 2024ರಲ್ಲಿ ಅವಧಿ ಮುಗಿದು ಹೋದ ಹಳೇ ಸ್ವತಂತ್ರ ನಿರ್ದೇಶಕರ ಜಾಗಕ್ಕೆ ಯಾರು ಬಂದರು, ಅವರಿಗೂ ಪ್ರವರ್ತಕರಿಗೂ ಮೊದಲೇ ಏನಾದರೂ ಸಂಬಂಧ ಇತ್ತಾ ಅಂತ ನೋಡಬೇಕು. ಗೋದಾಮಿನ ಜಾಡು ಹಿಡಿದ ಆ ಹುಡುಗಿಯೇ ಈಗ ಹೊಸಬರಿಗೆ ಅದನ್ನು ಕಲಿಸುತ್ತಿದ್ದಾಳೆ.