ಕನ್‌ಕ್ಲೂಷನ್ ತೆಗೆದುಕೊಳ್ಳುವಂಥದ್ದಲ್ಲ

ಬಾಗಲಕೋಟೆಯ ಕಾಲೇಜೊಂದರಲ್ಲಿ ಪ್ರಾಜೆಕ್ಟ್ ವರದಿಗಳನ್ನು ತಿದ್ದುವ ನನಗೆ ಕೆಂಪು ಶಾಯಿ ಹೆಚ್ಚು ಖರ್ಚಾಗುವುದು ಕೊನೆಯ ಅಧ್ಯಾಯದಲ್ಲಿ. ಎರೆ (ಕಪ್ಪು ಮಣ್ಣಿನ) ಹೊಲದಲ್ಲಿಯೂ ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲಿಯೂ ತೇವ ಎಷ್ಟು ದಿನ ನಿಲ್ಲುತ್ತದೆಂದು ಅಳೆದಿದ್ದ ಬಾದಾಮಿ ಕಡೆಯ ವಿದ್ಯಾರ್ಥಿಯೊಬ್ಬ, ಅಳತೆಗಳನ್ನೆಲ್ಲ ಅಚ್ಚುಕಟ್ಟಾಗಿ ಬರೆದು, ಕೊನೆಗೆ ‘ವೀ ಟುಕ್ ದ ಕನ್‌ಕ್ಲೂಷನ್’ ಎಂದುಬಿಟ್ಟಿದ್ದ.

ಈ ತಪ್ಪಿನ ಬೇರು ನಮ್ಮ ‘ತೀರ್ಮಾನ’ ಎಂಬ ಶಬ್ದದಲ್ಲಿದೆ. ಹೊಲ ಮಾರುವುದೆಂದು ಮನೆಯವರು ಕೂಡಿ ನಿಶ್ಚಯಿಸಿದರೂ ತೀರ್ಮಾನವೇ, ಅಳತೆಗಳನ್ನು ನೋಡಿ ಎರೆಮಣ್ಣು ನೀರು ಹಿಡಿದಿಡುತ್ತದೆಂದು ಕಂಡುಕೊಂಡರೂ ತೀರ್ಮಾನವೇ. ಇಂಗ್ಲಿಷಿನಲ್ಲಿ ಮೊದಲನೆಯದು ಡಿಸಿಷನ್, ಎರಡನೆಯದು ಕನ್‌ಕ್ಲೂಷನ್. ಡಿಸಿಷನ್‌ಗೆ ‘ಮೇಕ್’, ‘ಟೇಕ್’ ಎರಡೂ ಸಲ್ಲುತ್ತವೆ. ಕನ್‌ಕ್ಲೂಷನ್‌ಗೆ ‘ಟೇಕ್’ ತಪ್ಪು, ‘ಮೇಕ್’ ರೂಢಿಯಲ್ಲಿಲ್ಲ. ಅದರ ಜೊತೆ ಹೋಗುವುದು ‘ಡ್ರಾ’, ‘ರೀಚ್’, ‘ಕಮ್ ಟು’, ‘ಅರೈವ್ ಅಟ್’. ‘ತೀರ್ಮಾನಕ್ಕೆ ಬಂದೆವು’ ಎಂದು ಕನ್ನಡದಲ್ಲಿ ಹೇಳಿಕೊಂಡು ನೋಡಿದರೆ ‘ವೀ ಕೇಮ್ ಟು ದ ಕನ್‌ಕ್ಲೂಷನ್ ದಟ್’ ತಾನಾಗಿಯೇ ಒದಗುತ್ತದೆ. ಆದರೆ ‘ರೀಚ್’ ಬಳಸುವಾಗ ‘ಟು’ ಬೇಡ. ‘ಬೆಳಗಾವಿಗೆ ಮುಟ್ಟಿದೆ’ ಎನ್ನುವ ನಾವು ಆ ‘ಗೆ’ಯನ್ನು ಹಾಗೆಯೇ ಹೊತ್ತುಕೊಂಡು ಹೋಗಿ ‘ರೀಚ್ಡ್ ಟು ದ ಕನ್‌ಕ್ಲೂಷನ್’ ಎಂದು ಬರೆಯುತ್ತೇವೆ.

ಕ್ರಿಯಾಪದವಾದ ‘ಕನ್‌ಕ್ಲೂಡ್’ ಮುಂದೆ ‘ದಟ್’ ಬರಬೇಕು, ‘ಅಬೌಟ್ ದಟ್’ ಅಲ್ಲ. ಕೊನೆಯ ಅಧ್ಯಾಯದ ಆರಂಭಕ್ಕೆ ‘ಅಟ್ ಲಾಸ್ಟ್’ ಎಂದು ಬರೆಯಬಾರದು. ಕಾದು ಕಾದು ಬಸ್ಸು ಬಂದಾಗ ಬಿಡುವ ನಿಟ್ಟುಸಿರು ಅದು. ಅಲ್ಲಿಗೆ ‘ಇನ್ ಕನ್‌ಕ್ಲೂಷನ್’ ಸರಿ, ಅಧ್ಯಾಯದ ಶೀರ್ಷಿಕೆಯೇ ಅದಾಗಿದ್ದರೆ ಅದೂ ಬೇಕಾಗಿಲ್ಲ.

ವ್ಯಾಕರಣಕ್ಕಿಂತ ದೊಡ್ಡ ತಪ್ಪು ‘ದ ಡೇಟಾ ಕನ್‌ಕ್ಲೂಡ್ಸ್’ ಎಂಬುದು. ಅಂಕಿಗಳು ‘ಸಜೆಸ್ಟ್’ ಮಾಡಬಹುದು, ‘ಇಂಡಿಕೇಟ್’ ಮಾಡಬಹುದು; ತೀರ್ಮಾನಕ್ಕೆ ಬರುವವರು ಅವನ್ನು ಓದುವ ನಾವು. ಒಂದೇ ಹಂಗಾಮಿನಲ್ಲಿ ನಾಲ್ಕಾರು ಹೊಲ ಅಳೆದು ‘ಪ್ರೂವ್ಸ್’ ಎಂದು ಬರೆಯುವುದು ಅಳತೆ ಮೀರಿದ ಮಾತು, ಪರೀಕ್ಷಕರು ಮೊದಲು ಹಿಡಿಯುವುದೂ ಅದನ್ನೇ.

ಆ ವಿದ್ಯಾರ್ಥಿಯ ವಾಕ್ಯ ಮೂರು ಸಲ ತಿದ್ದಿದ ಮೇಲೆ ಹೀಗೆ ನಿಂತಿತು: ‘ಫ್ರಮ್ ದೀಸ್ ರೀಡಿಂಗ್ಸ್ ವೀ ಕನ್‌ಕ್ಲೂಡ್ ದಟ್, ಇನ್ ದ ಫೀಲ್ಡ್ಸ್ ಸ್ಟಡೀಡ್, ಬ್ಲ್ಯಾಕ್ ಸಾಯಿಲ್ ಹೆಲ್ಡ್ ಮಾಯಿಶ್ಚರ್ ಲಾಂಗರ್ ದ್ಯಾನ್ ರೆಡ್ ಸಾಯಿಲ್.’ ‘ಇನ್ ದ ಫೀಲ್ಡ್ಸ್ ಸ್ಟಡೀಡ್’ ಎಂಬುದನ್ನು ಅವನೇ ಸೇರಿಸಿದ್ದ.