ಪಿಕಪ್ ಹಿಂದಿನ ಆಕ್ಸಲ್ ಸೀಲ್ ಮನೇಲೇ ಬದಲಾಯಿಸೋದು: ಸೀಲ್ ಮುಟ್ಟೋ ಮುಂಚೆ ಬ್ರೀದರ್ ನೋಡಿ

ಹಿಂದಿನ ವೀಲ್ ಒಳಮಗ್ಗುಲಲ್ಲಿ ಕಪ್ಪಗೆ ಜಿಡ್ಡು ಇಳಿದು ಅದರ ಮೇಲೆ ಧೂಳು ಮೆತ್ಕೊಂಡಿದೆ, ಬ್ರೇಕ್ ಒತ್ತಿದ್ರೆ ಒಂದು ಚಕ್ರ ಗಪ್ ಅಂತ ಹಿಡ್ಕೊಳ್ತಿದೆ ಅಂದ್ರೆ ಸಾಮಾನ್ಯವಾಗಿ ಎರಡರಲ್ಲಿ ಒಂದು, ಆಕ್ಸಲ್ ಸೀಲ್ (ಶಾಫ್ಟ್ ಸುತ್ತ ಕೂತು ಗೇರ್ ಆಯಿಲ್ ಹೊರಗೆ ಬರದಂಗೆ ತಡೆಯೋ ರಬ್ಬರ್ ಬಳೆ) ಹೋಗಿರತ್ತೆ ಇಲ್ಲಾ ಬ್ರೇಕಿನ ವೀಲ್ ಸಿಲಿಂಡರ್ (ಫ್ಲೂಯಿಡ್ ಒತ್ತಡದಲ್ಲಿ ಬ್ರೇಕ್ ಲೈನರನ್ನ ಡ್ರಮ್ಮಿಗೆ ಒತ್ತೋದು) ಲೀಕ್ ಆಗ್ತಿರತ್ತೆ. ಯಾವುದು ಅಂತ ಹೇಳೋಕೆ ಮೂಗೇ ಸಾಕು. ಗೇರ್ ಆಯಿಲ್ ಗಂಧಕದ ಥರ ನಾರತ್ತೆ, ಒಂದ್ಸಲ ಬಟ್ಟೆಗೆ ಮೆತ್ಕೊಂಡ್ರೆ ಎರಡು ದಿನ ಬಿಡಲ್ಲ. ಬ್ರೇಕ್ ಫ್ಲೂಯಿಡ್ ತೆಳ್ಳಗಿರತ್ತೆ, ಆ ವಾಸನೆ ಇರಲ್ಲ, ಬಾನೆಟ್ ಕೆಳಗಿರೋ ಡಬ್ಬೀಲಿ ಲೆವೆಲ್ ಇಳಿದಿರತ್ತೆ. ಆದ್ರೂ ಡೌಟ್ ಇದ್ರೆ ಒಂದು ಲೋಟ ನೀರಿಗೆ ಎರಡು ಹನಿ ಹಾಕಿ, ಮಾಮೂಲಿ ಬ್ರೇಕ್ ಫ್ಲೂಯಿಡ್ ನೀರಲ್ಲಿ ಕರಗಿಹೋಗತ್ತೆ, ಗೇರ್ ಆಯಿಲ್ ಮೇಲೆ ತೇಲತ್ತೆ.

ಸರಿ, ಸೀಲೇ ಹೋಗಿದೆ ಅಂತ ಗೊತ್ತಾಯ್ತು ಅಂದ್ಕೊಳ್ಳಿ. ಇಲ್ಲೇ ಎಲ್ರೂ ಎಡವೋದು, ನಾನೂ ಎಡವಿದ್ದೆ. ಮೊದಲನೇ ಸಲ ಮಾಡಿದಾಗ ಹೊಸ ಸೀಲ್ ತಂದೆ, ಒಂದು ಭಾನುವಾರ ಪೂರ್ತಿ ಕೂತು ನೀಟಾಗಿ ಹಾಕ್ದೆ, ಇಪ್ಪತ್ತು ದಿನಕ್ಕೆ ಅದೇ ಚಕ್ರದಲ್ಲಿ ಅದೇ ಕಪ್ಪು ಜಿಡ್ಡು. ಸೀಲ್ ಡೂಪ್ಲಿಕೇಟ್ ಇರಬೇಕು ಅಂತ ಬೈಕೊಂಡು ಇನ್ನೊಂದು ತಂದೆ. ಎರಡನೇ ಸಲ ಫಿಲ್ಲರ್ ಪ್ಲಗ್ (ಆಕ್ಸಲ್‌ಗೆ ಆಯಿಲ್ ತುಂಬೋ ತೂತಿನ ಬಿರಡೆ) ಲೂಸ್ ಮಾಡ್ತಿದ್ದಂಗೆ ಒಳಗಿಂದ ಹುಸ್ಸ್ ಅಂತ ಗಾಳಿ ಬಂತು ನೋಡಿ, ಆಗ ಟ್ಯೂಬ್‌ಲೈಟ್ ಹತ್ಕೊಳ್ತು. ಆಕ್ಸಲ್ ಹೌಸಿಂಗ್ ಮೇಲೆ ಒಂದು ಚಿಕ್ಕ ಬ್ರೀದರ್ ಇರತ್ತೆ, ಕೆಲವು ಗಾಡೀಲಿ ಬರೀ ಟೋಪಿ ಥರ ಕ್ಯಾಪ್, ಕೆಲವದ್ರಲ್ಲಿ ರಬ್ಬರ್ ಪೈಪ್ ಹಾಕಿ ಚಾಸಿ ಮೇಲಕ್ಕೆ ತಂದಿರ್ತಾರೆ. ಗಾಡಿ ಓಡ್ತಾ ಆಯಿಲ್ ಬಿಸಿ ಆದಾಗ ಒಳಗಿನ ಗಾಳಿ ಹಿಗ್ಗತ್ತೆ, ಅದು ಹೊರಗೆ ಹೋಗೋ ದಾರಿ ಇದೊಂದೇ. ಇದು ಕೆಸರು ಕಟ್ಕೊಂಡು ಮುಚ್ಚಿಹೋದ್ರೆ ಗಾಳಿ ಸುಮ್ನಿರತ್ತಾ, ಸೀಲ್ ಲಿಪ್ (ಶಾಫ್ಟಿಗೆ ತಾಗೋ ರಬ್ಬರ್ ಅಂಚು) ಸಂದೀಲಿ ಆಯಿಲ್ ಸಮೇತ ನುಗ್ಗತ್ತೆ. ಉಲ್ಟಾನೂ ಆಗತ್ತೆ, ಬಿಸಿ ಇರೋ ಆಕ್ಸಲ್ ನೀರಿಗೆ ಇಳಿದ್ರೆ ಒಳಗಡೆ ತಣ್ಣಗಾಗಿ ನೀರನ್ನೇ ಎಳ್ಕೊಳ್ಳತ್ತೆ, ಡ್ರೈನ್ ಮಾಡಿದಾಗ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ರೆ ಇದೇ ಕಥೆ. ಅದಕ್ಕೆ ಸ್ಪಾನರ್ ಕೈಗೆ ತಗೊಳ್ಳೋ ಮುಂಚೆ ಬ್ರೀದರ್ ಬಿಚ್ಚಿ ಬಾಯಲ್ಲಿ ಊದಿ, ಗಾಳಿ ಹೋಗಬೇಕು. ಹೋಗಲಿಲ್ಲಾಂದ್ರೆ ಕ್ಲೀನ್ ಮಾಡಿ ಅಥವಾ ಹೊಸದು ಹಾಕಿ. ಅರ್ಧ ಗಂಟೆ ಕೆಲಸ ಇದು.

ಇನ್ನೊಂದು, ಹಿಂದೆ ಯಾರಾದ್ರೂ ಆಯಿಲ್ ಜಾಸ್ತಿ ಹಾಕಿದ್ರೂ ಸೀಲ್ ಒದ್ದೆ ಆಗತ್ತೆ. ಗಾಡಿ ಸಮತಟ್ಟಾಗಿ ನಿಂತಿರುವಾಗ ಫಿಲ್ಲರ್ ಪ್ಲಗ್ ತೆಗೆದ್ರೆ ಆಯಿಲ್ ತೂತಿನ ಅಂಚಿಗೆ ಇರಬೇಕು, ಧಾರೆಯಾಗಿ ಸುರಿಯಬಾರದು.

ಈಗ ನಿಮ್ಮ ಗಾಡೀಲಿ ಯಾವ ಥರದ ಆಕ್ಸಲ್ ಇದೆ ಅಂತ ನೋಡ್ಕೊಳ್ಳಿ, ಯಾಕಂದ್ರೆ ಕೆಲಸ ಪೂರ್ತಿ ಬೇರೆ ಬೇರೆ. ಡಿಫರೆನ್ಷಿಯಲ್ (ಆಕ್ಸಲ್ ಮಧ್ಯದ ಗೇರ್ ಉಂಡೆ) ಹಿಂದೆ ಬೋಲ್ಟ್ ಹಾಕಿರೋ ಕವರ್ ಇದ್ದು, ಬ್ರೇಕ್ ಬ್ಯಾಕಿಂಗ್ ಪ್ಲೇಟ್ (ಡ್ರಮ್ ಹಿಂದೆ ಬ್ರೇಕ್ ಭಾಗಗಳು ಕೂತಿರೋ ತಟ್ಟೆ) ಹತ್ರ ಆಕ್ಸಲ್ ಹಿಡಿದಿರೋ ನಟ್ಟು ಯಾವುದೂ ಇಲ್ಲ ಅಂದ್ರೆ ಬಹುತೇಕ ಸಿ-ಕ್ಲಿಪ್ ಆಕ್ಸಲ್ (ಶಾಫ್ಟನ್ನ ಒಳತುದೀಲಿ ಸಿ ಆಕಾರದ ಕ್ಲಿಪ್ ಹಿಡಿದಿರತ್ತೆ), ಫೋರ್ಡ್ 8.8, ಜಿಎಂ 10 ಬೋಲ್ಟ್ ಇವೆಲ್ಲ ಆ ಜಾತಿ. ಟೊಯೋಟಾ ಹೈಲಕ್ಸ್ ಥರದ್ದರಲ್ಲಿ ಬ್ಯಾಕಿಂಗ್ ಪ್ಲೇಟ್ ಹಿಂದೆ ನಾಲ್ಕು ನಟ್ಟು ಇರತ್ತೆ, ಅವನ್ನ ಬಿಚ್ಚಿದ್ರೆ ಬೇರಿಂಗ್ ಸಮೇತ ಶಾಫ್ಟ್ ಹೊರಗೆ ಬರತ್ತೆ. ಮೂರನೇದು ಫುಲ್ ಫ್ಲೋಟಿಂಗ್, ಹಬ್ ಮಧ್ಯೆ ಶಾಫ್ಟಿನ ಫ್ಲೇಂಜ್ ಗುಂಡಗೆ ಉಬ್ಬಿ ಹೊರಗೆ ಬಂದು ಸುತ್ತಲೂ ಬೋಲ್ಟ್ ಇರತ್ತೆ, ಭಾರದ ಪಿಕಪ್‌ಗಳಲ್ಲಿ ಇರೋದು. ಅದರಲ್ಲಿ ಹಬ್ಬನ್ನೇ ಬಿಚ್ಚಿ ಒಳಗಿನ ಸೀಲ್ ಹಾಕಿ ಬೇರಿಂಗ್ ಟೈಟ್ ಸೆಟ್ ಮಾಡ್ಬೇಕು, ಅದು ಬೇರೆ ಪಾಠ, ಇಲ್ಲಿ ಹೇಳಲ್ಲ.

ಜಾಕಿ ಮೇಲೆ ನಿಂತ ಗಾಡಿ ಕೆಳಗೆ ನುಗ್ಗೋ ಹಾಗೇ ಇಲ್ಲ. ಹಿಂದಿನ ಡ್ರಮ್ ಬಿಚ್ಚೋಕೆ ಹ್ಯಾಂಡ್ ಬ್ರೇಕ್ ಬಿಟ್ಟಿರಬೇಕು, ಡಿಫರೆನ್ಷಿಯಲ್ ಕೈಯಲ್ಲಿ ತಿರುಗಿಸೋಕೆ ಗೇರ್ ನ್ಯೂಟ್ರಲ್‌ನಲ್ಲಿರಬೇಕು, ಅಂದ್ರೆ ಗಾಡೀನ ಹಿಡಿದಿರೋದು ಮುಂದಿನ ಚಕ್ರಕ್ಕೆ ಕೊಟ್ಟಿರೋ ಅಡ್ಡಗಲ್ಲು ಮಾತ್ರ. ಎರಡೂ ಮುಂದಿನ ಚಕ್ರಕ್ಕೆ ಹಿಂದೆ ಮುಂದೆ ಗಟ್ಟಿಯಾಗಿ ಕೊಡಿ, ಆಕ್ಸಲ್ ಟ್ಯೂಬ್ ಕೆಳಗೆ ಎರಡು ಸ್ಟ್ಯಾಂಡ್ ಇಡಿ, ಗಾಡೀನ ಒಂದ್ಸಲ ಜೋರಾಗಿ ಅಲ್ಲಾಡಿಸಿ ನೋಡಿ ಆಮೇಲೆ ಕೆಳಗೆ ಹೋಗಿ. ಇಟ್ಟಿಗೆ ಇಡೋರನ್ನ ನೋಡಿದೀನಿ, ದಯವಿಟ್ಟು ಬೇಡ.

ಚಕ್ರ ಬಿಚ್ಚಿ, ಡ್ರಮ್ ಎಳೀರಿ. ಬರ್ತಿಲ್ಲ ಅಂದ್ರೆ ಹಿಂದಿನ ತೂತಿಂದ ಸ್ಕ್ರೂಡ್ರೈವರ್ ಹಾಕಿ ಅಡ್ಜಸ್ಟರ್ ಚಕ್ರ ಲೂಸ್ ಮಾಡಿ. ಒಳಗಿನ ಧೂಳನ್ನ ಏರ್ ಹೊಡೆದು ಊದಬೇಡಿ, ಹಳೇ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಬ್ರೇಕ್ ಕ್ಲೀನರ್ ಸ್ಪ್ರೇ ಮಾಡಿ ಒದ್ದೆಯಾಗೇ ತೊಳೀರಿ. ಎಬಿಎಸ್ ಸೆನ್ಸರ್ ಆಕ್ಸಲ್ ತುದೀಲಿದ್ರೆ ಈಗಲೇ ಬಿಚ್ಚಿ ಪಕ್ಕಕ್ಕಿಡಿ.

ಮೊದಲು ಸಿ-ಕ್ಲಿಪ್ ಥರದ್ದು. ಫಿಲ್ಲರ್ ಪ್ಲಗ್ ಮೊದಲು ಬಿಚ್ಚಿ, ಆಮೇಲೆ ಡ್ರೈನ್, ಯಾಕಂದ್ರೆ ಆಯಿಲ್ ಎಲ್ಲಾ ಸುರಿದಾದ್ಮೇಲೆ ಫಿಲ್ಲರ್ ಪ್ಲಗ್ ಜಾಮ್ ಅಂತ ಗೊತ್ತಾದ್ರೆ ಗಾಡಿ ಅಲ್ಲೇ ಕೂತ್ಕೊಳ್ತು. ಡ್ರೈನ್ ಪ್ಲಗ್ ಇಲ್ಲದಿದ್ರೆ ಕವರ್ ಬೋಲ್ಟ್ ಎಲ್ಲಾ ತೆಗೆದು ಮೇಲಿನ ಒಂದೆರಡನ್ನ ನಾಲ್ಕು ಸುತ್ತು ಮಾತ್ರ ಬಿಟ್ಟು, ಕೆಳಗಿಂದ ಕವರ್ ಎಬ್ಬಿಸಿ, ಟಬ್ಬಿಗೆ ಇಳಿಯತ್ತೆ. ಒಳಗಡೆ ಕ್ರೌನ್ ಗೇರ್ ಕಾಣತ್ತೆ, ಅದನ್ನ ತಿರುಗಿಸ್ತಾ ಹೋದ್ರೆ ಕ್ರಾಸ್ ಪಿನ್ (ಒಳಗಿನ ಚಿಕ್ಕ ಸ್ಪೈಡರ್ ಗೇರ್‌ಗಳು ಕೂತಿರೋ ಅಡ್ಡ ಕಡ್ಡಿ) ಹಿಡಿದಿರೋ ಸಣ್ಣ ಲಾಕ್ ಬೋಲ್ಟ್ ಎದುರಿಗೆ ಬರತ್ತೆ. ಇಡೀ ಕೆಲಸದಲ್ಲಿ ನನಗೆ ಭಯ ಇರೋ ಬೋಲ್ಟ್ ಅಂದ್ರೆ ಇದೊಂದೇ, ಕಿರುಬೆರಳಿನಷ್ಟಿರತ್ತೆ, ಒಳಗೇ ಮುರಿದ್ರೆ ದಿನ ಹಾಳು. ಆರು ಮೂಲೆ ಇರೋ ಸ್ಪಾನರ್ರೇ ಹಾಕಿ, ಹನ್ನೆರಡು ಮೂಲೇದು ಬೋಲ್ಟಿನ ತಲೆ ಸವೆಸಿಬಿಡತ್ತೆ. ಬೋಲ್ಟ್ ಬಂದ್ಮೇಲೆ ಕ್ರಾಸ್ ಪಿನ್ ಜಾರಿಸಿ ಹೊರಗೆ ತೆಗೀರಿ. ಪಿನ್ ಹೊರಗಿದ್ದಾಗ ಆಕ್ಸಲ್ಲಾಗ್ಲಿ ಡಿಫರೆನ್ಷಿಯಲ್ಲಾಗ್ಲಿ ತಿರುಗಿಸಲೇಬೇಡಿ, ಸ್ಪೈಡರ್ ಗೇರ್‌ಗಳು ನಡ್ಕೊಂಡು ಹೊರಗೆ ಬಂದ್ಬಿಡ್ತವೆ, ಆಮೇಲೆ ತೂತು ತೂತು ಸೇರಿಸೋಕೆ ಒದ್ದಾಡ್ಬೇಕು.

ಪಿನ್ ಹೋದ್ಮೇಲೆ ಹೊರಗಡೆಯಿಂದ ಆಕ್ಸಲ್ ಫ್ಲೇಂಜನ್ನ ಒಳಗೆ ತಳ್ಳಿ, ಒಳತುದೀಲಿರೋ ಸಿ ಆಕಾರದ ಕ್ಲಿಪ್ ಸಡಿಲ ಆಗತ್ತೆ, ಮ್ಯಾಗ್ನೆಟ್‌ನಲ್ಲಿ ಎತ್ಕೊಳ್ಳಿ. ಈಗ ಶಾಫ್ಟ್ ಎಳೀರಿ, ಆದ್ರೆ ಭಾರ ಪೂರ್ತಿ ಕೈಯಲ್ಲೇ ಇರ್ಲಿ, ಎಳ್ಕೊಂಡು ಬಂದು ಬೇರಿಂಗ್ ಮೇಲೆ ಕುಕ್ಕಬೇಡಿ.

ಶಾಫ್ಟ್ ಹೊರಗೆ ಬಂದ ತಕ್ಷಣ ಹೊಸ ಸೀಲ್ ಕಡೆ ಕೈ ಹೋಗತ್ತೆ, ತಡೀರಿ. ಶಾಫ್ಟನ್ನ ಒಂದು ಬಟ್ಟೆ ಮೇಲೆ ಮಲಗಿಸಿ, ಒರೆಸಿ, ಬೆಳಕಿಗೆ ಹಿಡಿದು ನೋಡಿ. ಈ ಥರದ ಆಕ್ಸಲ್‌ನಲ್ಲಿ ಬೇರಿಂಗ್‌ಗೆ ಒಳಗಿನ ರೇಸ್ (ರೋಲರ್ ಉರುಳೋ ಉಕ್ಕಿನ ಬಳೆ) ಅನ್ನೋದೇ ಇಲ್ಲ, ರೋಲರ್‌ಗಳು ನೇರವಾಗಿ ಶಾಫ್ಟ್ ಮೇಲೇ ಉರುಳ್ತವೆ. ಸೀಲ್ ಲಿಪ್ ಕೂರೋ ಜಾಗದಲ್ಲಿ ಬಳೆ ಥರ ಹೊಳೆಯೋ ಗೆರೆ ಇರತ್ತೆ, ಅದರ ಮೇಲೆ ಬೆರಳುಗುರು ಅಡ್ಡಡ್ಡ ಎಳೀರಿ. ಉಗುರು ಜಾರ್ಕೊಂಡು ಹೋದ್ರೆ ಸರಿ, ಟಕ್ ಅಂತ ಸಿಕ್ಕಿಹಾಕ್ಕೊಂಡ್ರೆ ಅಲ್ಲಿ ಗೀರು ಬಿದ್ದಿದೆ, ಎಂಥಾ ಸೀಲ್ ಹಾಕಿದ್ರೂ ಅದೇ ಗೀರಲ್ಲಿ ಆಯಿಲ್ ಬರತ್ತೆ. ಪಕ್ಕದ ಬೇರಿಂಗ್ ಜಾಗದಲ್ಲಿ ಸಿಡುಬಿನ ಕಲೆ ಥರ ಸಣ್ಣ ಸಣ್ಣ ಗುಳಿ ಬಿದ್ದಿದ್ರೆ ಶಾಫ್ಟ್ ಕೆಟ್ಟಿದೆ ಅಂತ ಅರ್ಥ. ಒಂದೋ ಶಾಫ್ಟೇ ಹೊಸದು, ಇಲ್ಲಾಂದ್ರೆ ಕೆಲವು ಆಕ್ಸಲ್‌ಗಳಿಗೆ ಸೀಲ್ ಮತ್ತೆ ಬೇರಿಂಗ್ ಸೇರಿಸಿ ಮಾಡಿರೋ ರಿಪೇರ್ ಬೇರಿಂಗ್ ಸಿಗತ್ತೆ, ಅದು ಶಾಫ್ಟಿನ ಸವೆಯದ ಜಾಗದಲ್ಲಿ ಕೂರತ್ತೆ. ನನಗೆ ಅದು ಅಷ್ಟಾಗಿ ಇಷ್ಟ ಇಲ್ಲ, ಕೈ ಟೈಟ್ ಇದ್ದಾಗ ಓಕೆ. ಬರೀ ಸೀಲ್ ಜಾಗದ ಗೀರಾದ್ರೆ ತೆಳು ಸ್ಟೀಲ್ ಸ್ಲೀವ್ ಹಾಕೋ ದಾರೀನೂ ಇದೆ.

ಬೇರಿಂಗ್ ಒಳಗೆ ಬೆರಳಿಟ್ಟು ರೋಲರ್‌ಗಳನ್ನ ತಿರುಗಿಸಿ, ಮರಳು ಸಿಕ್ಕಂಗೆ ಕರಕರ ಅಂದ್ರೆ ಅದನ್ನೂ ತೆಗೀರಿ. ಬೇರಿಂಗ್ ಲೂಸಾಗಿ ಶಾಫ್ಟ್ ಮೇಲೆ ಕೆಳಗೆ ಕುಣೀತಿದ್ರೆ ಸೀಲ್ ಪಾಪ ಏನ್ ಮಾಡತ್ತೆ, ಶಾಫ್ಟ್ ಜೊತೆ ಅದೂ ಕುಣೀಬೇಕಾಗತ್ತೆ. ಬೇರಿಂಗ್ ತೆಗೆಯೋಕೆ ಕೊಕ್ಕೆ ಇರೋ ಸ್ಲೈಡ್ ಹ್ಯಾಮರ್ ಬೇಕು, ಬಾಡಿಗೆಗೋ ಸ್ನೇಹಿತರ ಹತ್ರವೋ ತಗೊಳ್ಳಿ. ಸೀಲ್ ಮಾತ್ರ ಆದ್ರೆ ಸೀಲ್ ಪುಲ್ಲರ್ ಅಥವಾ ದಪ್ಪ ಸ್ಕ್ರೂಡ್ರೈವರ್‌ನಲ್ಲಿ ಎಬ್ಬಿಸಬಹುದು, ಹೌಸಿಂಗ್ ಒಳಗೋಡೆಗೆ ಗೀರು ಬೀಳದಂಗೆ. ಗೀರು ಬಿದ್ರೆ ಆಯಿಲ್ ಸೀಲ್ ಹೊರಸುತ್ತಿಂದ ಬರೋಕೆ ಶುರು ಆಗತ್ತೆ.

ಹಳೇದು ತೆಗೆಯೋ ಮುಂಚೆ ಅದು ಎಷ್ಟು ಆಳಕ್ಕೆ ಕೂತಿದೆ ಅಂತ ಅಳತೆ ಮಾಡಿ ಬರೆದಿಟ್ಕೊಳ್ಳಿ. ಕೆಲವು ಅಂಚಿಗೆ ಸಮವಾಗಿ ಕೂರ್ತವೆ, ಕೆಲವು ಒಳಗೆ ಇಳಿದಿರ್ತವೆ, ಹೈಲಕ್ಸ್ ಥರದ್ರಲ್ಲಿ ಈ ಆಳ ತಪ್ಪಿದ್ರೆ ಲಿಪ್ ಬೇರೆ ಜಾಗದಲ್ಲಿ ಕೂತು ಮತ್ತೆ ಲೀಕ್. ಹೊಸ ಸೀಲ್ ತಗೊಂಡು ಒಳಗೆ ನೋಡಿ, ಲಿಪ್ ಸುತ್ತ ಒಂದು ತೆಳ್ಳನೆ ಸ್ಪ್ರಿಂಗ್ ಬಳೆ ಇರತ್ತೆ, ಆ ಕಡೆ ಆಯಿಲ್ ಕಡೆಗೆ ಅಂದ್ರೆ ಒಳಗೆ ಇರಬೇಕು. ಲಿಪ್‌ಗೆ ಸ್ವಲ್ಪ ಗ್ರೀಸ್ ಸವರಿ, ಒಣಗಿದ ರಬ್ಬರ್ ಮೊದಲ ಕಿಲೋಮೀಟರಲ್ಲೇ ಸುಟ್ಟುಹೋಗತ್ತೆ. ಸೀಲ್ ಹೊರ ಅಂಚಿನ ಅಗಲಕ್ಕೆ ಸರಿಹೊಂದೋ ದೊಡ್ಡ ಸಾಕೆಟ್ ಅಥವಾ ನೇರವಾಗಿ ಕತ್ತರಿಸಿದ ಪೈಪ್ ತುಂಡು ಇಟ್ಟು ಮೆಲ್ಲಗೆ ಬಡೀರಿ. ನೇರವಾಗಿ ಸುತ್ತಿಗೇಲಿ ಅಂಚಂಚಿಗೆ ಬಡಿದ್ರೆ ಓರೆ ಆಗತ್ತೆ, ಆ ಸ್ಪ್ರಿಂಗ್ ಬಳೆ ಒಳಗೆ ಹಾರಿ ಬಿದ್ದಿರೋದು ನಿಮಗೆ ಗೊತ್ತೂ ಆಗಲ್ಲ. ಕಿವಿ ಕೊಟ್ಟು ಬಡೀರಿ, ಸೀಲ್ ಇಳೀತಿರುವಾಗ ಡಬ್ ಡಬ್ ಅನ್ನತ್ತೆ, ತಳ ಮುಟ್ಟಿದ ಕೂಡ್ಲೇ ಶಬ್ದ ಠಣ್ ಅಂತ ಬದಲಾಗತ್ತೆ, ಅಲ್ಲಿಗೆ ನಿಲ್ಲಿಸಿ. ತಳ ಇಲ್ಲದ ಹೌಸಿಂಗ್‌ನಲ್ಲಿ ನೀವು ಬರೆದಿಟ್ಟ ಅಳತೇನೇ ಗತಿ.

ಶಾಫ್ಟ್ ವಾಪಸ್ ಹಾಕುವಾಗ ತುದೀಲಿರೋ ಸ್ಪ್ಲೈನ್ ಹಲ್ಲುಗಳು ಚಾಕು ಇದ್ದಂಗೆ, ಲಿಪ್‌ಗೆ ತಾಗಿದ್ರೆ ಕತ್ತರಿಸಿಬಿಡ್ತವೆ. ಒಂದು ಕೈ ಕೆಳಗೆ ಕೊಟ್ಟು ನೇರವಾಗಿ, ಮಟ್ಟಸವಾಗಿ ಒಳಗೆ ಬಿಡಿ, ಹಲ್ಲು ಕೂರೋವರೆಗೂ ಅವಸರ ಬೇಡ. ಆಮೇಲೆ ಸಿ-ಕ್ಲಿಪ್ ಹಾಕಿ, ಶಾಫ್ಟನ್ನ ಹೊರಗೆ ಎಳೆದು ಕ್ಲಿಪ್ ಸೈಡ್ ಗೇರಿನ ಗುಳಿಯಲ್ಲಿ ಕೂತಿದೆ ಅಂತ ಕಣ್ಣಲ್ಲಿ ನೋಡಿ, ಕ್ರಾಸ್ ಪಿನ್ ಜಾರಿಸಿ, ಲಾಕ್ ಬೋಲ್ಟಿಗೆ ಥ್ರೆಡ್ ಲಾಕ್ ಹಚ್ಚಿ ಟಾರ್ಕ್ ರೆಂಚಲ್ಲಿ ಮ್ಯಾನ್ಯುಯಲ್ ಹೇಳಿದಷ್ಟೇ ಬಿಗೀರಿ. ಕ್ಲಿಪ್ ಕೂತಿಲ್ಲ ಅಂದ್ರೆ ಓಡೋ ಗಾಡಿಯಿಂದ ಚಕ್ರ ಶಾಫ್ಟ್ ಸಮೇತ ಹೊರಗೆ ಬರತ್ತೆ, ಅದಕ್ಕೆ ನಾನು ಟಾರ್ಚ್ ಹಾಕಿ ಎರಡೆರಡು ಸಲ ನೋಡ್ತೀನಿ.

ಹೈಲಕ್ಸ್ ಜಾತಿದಾದ್ರೆ ಡಿಫರೆನ್ಷಿಯಲ್ ಬಿಚ್ಚೋ ಕೆಲಸ ಇಲ್ಲ. ಬ್ರೇಕ್ ಪೈಪ್ ಮತ್ತೆ ಹ್ಯಾಂಡ್ ಬ್ರೇಕ್ ಕೇಬಲ್ ಬಿಚ್ಚಿ, ನಾಲ್ಕು ನಟ್ಟು ತೆಗೆದು, ಬ್ಯಾಕಿಂಗ್ ಪ್ಲೇಟ್ ಸಮೇತ ಶಾಫ್ಟ್ ಎಳೀರಿ, ಆ ಕಡೆ ಸ್ವಲ್ಪ ಎತ್ತರ ಮಾಡಿದ್ರೆ ಆಯಿಲ್ ಹೆಚ್ಚು ಚೆಲ್ಲಲ್ಲ. ಹೌಸಿಂಗ್ ಒಳಗಿನ ಸೀಲ್ ಬದಲಾಯಿಸೋದು ಮೇಲೆ ಹೇಳಿದಂಗೇ. ಆದ್ರೆ ಬೇರಿಂಗ್ ಪಕ್ಕದ ಹೊರಗಿನ ಸೀಲೂ ಹೋಗಿದ್ರೆ ಬೇರಿಂಗ್ ಮತ್ತೆ ರಿಟೇನರ್ ಬಳೇನ ಹೈಡ್ರಾಲಿಕ್ ಪ್ರೆಸ್‌ನಲ್ಲಿ ಬಿಚ್ಚಬೇಕು. ಅದನ್ನ ಮನೇಲಿ ಮಾಡೋಕೆ ಹೋಗ್ಬೇಡಿ ಅಂತೀನಿ ನಾನು, ಶಾಫ್ಟ್ ಎತ್ಕೊಂಡು ಲೇತ್ ವರ್ಕ್‌ಶಾಪಿಗೆ ಹೋಗಿ, ಟನ್‌ಗಟ್ಟಲೆ ಒತ್ತಡದಲ್ಲಿ ಬೇರಿಂಗ್ ಒಡೆದ್ರೆ ಚೂರು ಗುಂಡಿನ ಥರ ಹಾರತ್ತೆ. ಮತ್ತೆ ಜೋಡಿಸೋವಾಗ ಯಾವುದರ ಹಿಂದೆ ಯಾವುದು ಅಂತ ಬಿಚ್ಚೋ ಮುಂಚೇನೇ ಫೋಟೋ ಹೊಡ್ಕೊಳ್ಳಿ, ಬೇರಿಂಗ್ ಪ್ರೆಸ್ ಮಾಡಿದ್ಮೇಲೆ ಬ್ಯಾಕಿಂಗ್ ಪ್ಲೇಟ್ ನೆಲದ ಮೇಲೇ ಉಳಿದಿರೋದು ನೋಡಿ ತಲೆ ಮೇಲೆ ಕೈ ಇಟ್ಕೊಂಡೋರು ಬಹಳ ಜನ. ಬ್ರೇಕ್ ಪೈಪ್ ಬಿಚ್ಚಿದ್ರಿಂದ ಕೊನೇಲಿ ಬ್ಲೀಡಿಂಗ್ (ಪೈಪಲ್ಲಿ ಸೇರಿದ ಗಾಳಿ ತೆಗೆಯೋದು) ಮಾಡಲೇಬೇಕು.

ಬ್ರೇಕ್ ಲೈನರ್ ಆಯಿಲ್ ಕುಡಿದಿದ್ರೆ ಎಸೀರಿ. ಪೆಟ್ರೋಲಲ್ಲಿ ತೊಳೆದು ಬಿಸಿಲಿಗಿಟ್ಟು ಹಾಕ್ತಾರೆ ಕೆಲವರು, ಮೇಲೆ ಒಣಗಿದಂಗೆ ಕಾಣತ್ತೆ, ಎರಡು ಸಲ ಬಿಸಿ ಆದ್ರೆ ಒಳಗಿನ ಆಯಿಲ್ ಮತ್ತೆ ಮೇಲೆ ಬರತ್ತೆ. ಎರಡೂ ಕಡೆ ಜೋಡೀಲಿ ಹೊಸದು ಹಾಕಿ, ಒಂದೇ ಕಡೆ ಹಾಕಿದ್ರೆ ಗಾಡಿ ಎಳೆಯತ್ತೆ.

ಕವರ್ ಮುಚ್ಚೋ ಮುಂಚೆ ಡಿಫರೆನ್ಷಿಯಲ್ ಒಳಗೆ ಚೂರು ಹಿಡಿಯೋಕೆ ಇಟ್ಟಿರೋ ಮ್ಯಾಗ್ನೆಟ್ ಒರೆಸಿ. ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ರೆ ಮಾಮೂಲು ಸವೆತ, ಕಬ್ಬಿಣದ ಚೂರು ಇದ್ರೆ ಎಲ್ಲೋ ಹಲ್ಲು ಮುರಿದಿದೆ. ಎರಡೂ ಮುಖ ಎಣ್ಣೆ ಇಲ್ಲದಂಗೆ ಒರೆಸಿ, ಸಿಲಿಕೋನ್ ಗ್ಯಾಸ್ಕೆಟ್ ಪೇಸ್ಟ್ ಬೋಲ್ಟ್ ತೂತುಗಳ ಒಳಬದಿಯಿಂದ ಒಂದೇ ಎಳೆಯಾಗಿ ಹಾಕಿ, ಕವರ್ ಕೂರಿಸಿ, ಟ್ಯೂಬ್ ಮೇಲೆ ಬರೆದಿರೋಷ್ಟು ಹೊತ್ತು ಬಿಟ್ಟೇ ಆಯಿಲ್ ಹಾಕಿ. ಗ್ರೇಡ್ ಮ್ಯಾನ್ಯುಯಲ್ ನೋಡಿ, ಸಾಮಾನ್ಯವಾಗಿ ಜಿಎಲ್-5 ನ 75ಡಬ್ಲ್ಯೂ-90 ಅಥವಾ 80ಡಬ್ಲ್ಯೂ-90 ಇರತ್ತೆ. ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಸುಮ್ನೆ ಸುತ್ತದಂಗೆ ತಡೆಯೋ) ಡಿಫರೆನ್ಷಿಯಲ್ ಆದ್ರೆ ಆಯಿಲ್‌ಗೆ ಸೇರಿಸೋ ಫ್ರಿಕ್ಷನ್ ಮಾಡಿಫೈಯರ್ ಬೇಕಾ ಅಂತ ನೋಡ್ಕೊಳ್ಳಿ, ಬೇಕಾಗಿದ್ದು ಹಾಕದಿದ್ರೆ ತಿರುವಲ್ಲಿ ಗಡಗಡ ಅನ್ನತ್ತೆ.

ಡ್ರಮ್ ಹಾಕಿ, ಬ್ರೇಕ್ ಅಡ್ಜಸ್ಟ್ ಮಾಡಿ, ಚಕ್ರ ಹಾಕಿ, ಗಾಡಿ ಇಳಿಸಿ, ವೀಲ್ ನಟ್ಟು ಅಡ್ಡಡ್ಡ ಬಿಗೀರಿ. ಮೊದಲು ಖಾಲಿ ಜಾಗದಲ್ಲಿ ನಿಧಾನಕ್ಕೆ ಓಡಿಸಿ ಬ್ರೇಕ್ ಹಿಡಿಯತ್ತಾ ನೋಡಿ, ಆಮೇಲೆ ಒಂದು ಹತ್ತಿಪ್ಪತ್ತು ಕಿಲೋಮೀಟರ್ ಹೋಗಿ ಬಂದು ಹಬ್ ಹತ್ರ ಕೈ ಹಿಡೀರಿ, ಒಂದು ಕಡೆ ಮಾತ್ರ ಜಾಸ್ತಿ ಬಿಸಿ ಇದ್ರೆ ಬ್ರೇಕ್ ಟೈಟ್ ಆಗಿದೆ ಅಥವಾ ಬೇರಿಂಗ್ ಸರಿ ಕೂತಿಲ್ಲ. ವೀಲ್ ನಟ್ಟು ಇನ್ನೊಂದ್ಸಲ ಚೆಕ್ ಮಾಡಿ. ರಾತ್ರಿ ಎರಡೂ ಚಕ್ರದ ಕೆಳಗೆ ರಟ್ಟು ಹಾಸಿ ನಿಲ್ಲಿಸಿ, ಒಂದು ವಾರ ಬೆಳಿಗ್ಗೆ ಎದ್ದು ನೋಡ್ತಾ ಇರಿ, ಹನಿ ಬಿದ್ದಿದ್ರೆ ಬಗ್ಗಿ ವಾಸನೆ ನೋಡಿ.